ಹೈ ಟೆಂಪರೇಚರ್ ಐಆರ್ ಮೀಟರ್ ಕ್ಯಾಲಿಬ್ರೇಶನ್: ಲ್ಯಾಬಿಗೆ ಕಳಿಸುವುದೋ, ಬ್ಲ್ಯಾಕ್‌ಬಾಡಿ ಕೊಳ್ಳುವುದೋ?

ಆಡಿಟ್ ಹತ್ತಿರ ಬಂದಿದೆ. ಪೈರೋಮೀಟರ್‌ನ (ಮುಟ್ಟದೆ, ಇನ್ಫ್ರಾರೆಡ್ ಅಂದರೆ ಐಆರ್ ವಿಕಿರಣ ನೋಡಿ ತಾಪಮಾನ ಹೇಳುವ ಮೀಟರ್) ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಅವಧಿ ಮುಗಿದಿದೆ. ಈಗ ಮೀಟರನ್ನು ಲ್ಯಾಬಿಗೆ ಕಳಿಸಬೇಕೋ, ಲ್ಯಾಬಿನವರನ್ನೇ ಕಾರ್ಖಾನೆಗೆ ಕರೆಸಬೇಕೋ, ಇಲ್ಲ ಸ್ವಂತಕ್ಕೆ ಒಂದು ಬ್ಲ್ಯಾಕ್‌ಬಾಡಿ ಫರ್ನೆಸ್ (ಮೀಟರ್ ಹೋಲಿಸಿ ನೋಡಲು ಗೊತ್ತಾದ ತಾಪಮಾನದಲ್ಲಿ ನಿಲ್ಲಿಸುವ ಕುಲುಮೆ) ತೆಗೆದುಕೊಂಡುಬಿಡಬೇಕೋ? ತೆಗೆದುಕೊಳ್ಳುವುದಾದರೆ 500 ಡಿಗ್ರಿಯದೋ, 1200ರದೋ, 1700ರದೋ? ಬೆಳಗಾವಿಯ ಫೌಂಡ್ರಿ, ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಶಾಪ್, ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆ, ಮೂರೂ ಕಡೆ ಕೇಳುವ ಪ್ರಶ್ನೆ ಒಂದೇ. ಉತ್ತರ ಮಾತ್ರ ಬೇರೆ ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಕ್ಯಾಟಲಾಗ್‌ನಲ್ಲಿ ಗರಿಷ್ಠ ತಾಪಮಾನ ನೋಡಿ ಫರ್ನೆಸ್ ಆರಿಸುತ್ತಾರೆ. ಅದಕ್ಕಿಂತ ಮುಂಚೆ ನಿಮ್ಮ ಮೀಟರ್ ಯಾವ ತರಂಗಾಂತರದಲ್ಲಿ ನೋಡುತ್ತದೆ, ಎಷ್ಟು ಅಗಲದ ಜಾಗ ನೋಡುತ್ತದೆ ಅನ್ನುವುದನ್ನು ನೋಡಿ. ಈ ಎರಡು ಗೊತ್ತಾದರೆ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಬ್ಲ್ಯಾಕ್‌ಬಾಡಿ ಯಾಕೆ ಬೇಕು?

ಹಗಲು ಹೊತ್ತು ದೂರದಿಂದ ನೋಡಿದರೆ ಮನೆಯ ತೆರೆದ ಕಿಟಕಿ ಕಪ್ಪಾಗಿ ಕಾಣುತ್ತದಲ್ವಾ? ಒಳಗಿನ ಗೋಡೆ ಬಿಳಿ ಇದ್ದರೂ ಕಿಟಕಿ ಕಪ್ಪೇ. ಒಳಗೆ ಹೋದ ಬೆಳಕು ಗೋಡೆಯಿಂದ ಗೋಡೆಗೆ ಬಡಿದು ಅಲ್ಲೇ ಮುಗಿದುಹೋಗುತ್ತದೆ, ವಾಪಸ್ ಬರುವುದು ತೀರಾ ಕಡಿಮೆ. ಬ್ಲ್ಯಾಕ್‌ಬಾಡಿ ಫರ್ನೆಸ್‌ನಲ್ಲಿರುವುದೂ ಇಷ್ಟೇ: ಒಂದು ತುದಿ ಮುಚ್ಚಿದ ಉದ್ದನೆಯ ಕೊಳವೆ, ಸುತ್ತ ಹೀಟರ್. ಕೊಳವೆಯ ಒಳಗೋಡೆ ಎಲ್ಲ ಕಡೆ ಒಂದೇ ಬಿಸಿಯಲ್ಲಿದ್ದರೆ ಅದರ ಬಾಯಿಂದ ಬರುವ ವಿಕಿರಣ ತಾಪಮಾನವೊಂದನ್ನೇ ಅವಲಂಬಿಸಿರುತ್ತದೆ, ಗೋಡೆಯ ಬಣ್ಣವನ್ನಲ್ಲ. ಆ ತಾಪಮಾನಕ್ಕೆ ಯಾವ ತರಂಗಾಂತರದಲ್ಲಿ ಎಷ್ಟು ವಿಕಿರಣ ಬರಬೇಕು ಎಂದು 1900ರಲ್ಲಿ ಪ್ಲಾಂಕ್ ಕೊಟ್ಟ ಸೂತ್ರ ಹೇಳುತ್ತದೆ.

ಈಗ ಬಳಕೆಯಲ್ಲಿರುವ 1990ರ ಅಂತರರಾಷ್ಟ್ರೀಯ ತಾಪಮಾನ ಮಾಪಕದಲ್ಲಿ, ಬೆಳ್ಳಿ ಹೆಪ್ಪುಗಟ್ಟುವ 961.78 ಡಿಗ್ರಿಯಿಂದ ಮೇಲಕ್ಕೆ ತಾಪಮಾನವನ್ನು ವ್ಯಾಖ್ಯಾನಿಸುವುದೇ ಈ ವಿಕಿರಣ ಸೂತ್ರದಿಂದ. ಅಂದರೆ ಸಾವಿರ ಡಿಗ್ರಿಯ ಆಚೆ ಪೈರೋಮೀಟರ್ ಥರ್ಮೋಕಪಲ್‌ನ (ಬಿಸಿಯ ಜಾಗದಲ್ಲೇ ಇಟ್ಟು ಅಳೆಯುವ, ಎರಡು ಲೋಹದ ತಂತಿಯ ಸೆನ್ಸರ್) ಬಡ ತಮ್ಮ ಅಲ್ಲ. ಅಲ್ಲಿ ಅದೇ ಯಜಮಾನ.

ಮೊದಲ ಅಳತೆಗೋಲು: ತರಂಗಾಂತರ

ಮೀಟರ್‌ನ ಹಿಂದಿನ ಲೇಬಲ್ ನೋಡಿ. ಅಲ್ಲಿ 8–14 ಮೈಕ್ರಾನ್ ಎಂದಿದ್ದರೆ ಅದು ಸಾಮಾನ್ಯ ಕೈಗನ್, ಅಂದರೆ ಕೈಯಲ್ಲಿ ಹಿಡಿದು ಗುರಿಯಿಡುವ ಗನ್ ಆಕಾರದ ಐಆರ್ ಮೀಟರ್. ಸುಮಾರು 1 ಅಥವಾ 1.6 ಮೈಕ್ರಾನ್ ಎಂದಿದ್ದರೆ ಲೋಹಕ್ಕೆಂದೇ ಮಾಡಿದ ಪೈರೋಮೀಟರ್. 3.9 ಮೈಕ್ರಾನ್‌ನದು ಜ್ವಾಲೆಯ ಮೂಲಕ ಒಳಗೋಡೆ ನೋಡುವಂಥದ್ದು.

ಇದು ಯಾಕೆ ಅಷ್ಟು ಮುಖ್ಯ? ಮೀಟರ್‌ಗೆ ಬರುವ ವಿಕಿರಣದಲ್ಲಿ ಶೇಕಡಾ 1ರಷ್ಟು ತಪ್ಪಾದರೆ ತಾಪಮಾನದಲ್ಲಿ ಎಷ್ಟು ತಪ್ಪಾಗುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. 1000 ಡಿಗ್ರಿಯಲ್ಲಿ 1 ಮೈಕ್ರಾನ್ ಮೀಟರ್ ಸುಮಾರು 1.1 ಡಿಗ್ರಿ ತಪ್ಪು ತೋರಿಸುತ್ತದೆ. 1.6 ಮೈಕ್ರಾನ್‌ನದು 1.8 ಡಿಗ್ರಿ. 3.9ರದು ನಾಲ್ಕು ಡಿಗ್ರಿ ಚಿಲ್ಲರೆ. 8–14ರ ಗನ್ ಸುಮಾರು ಏಳೂವರೆ ಡಿಗ್ರಿ. 1500 ಡಿಗ್ರಿಗೆ ಹೋದರೆ 1 ಮೈಕ್ರಾನ್‌ನದು 2.2 ಡಿಗ್ರಿ, 8–14ರದು 12 ಡಿಗ್ರಿ. ಶೇಕಡಾ 1 ಅನ್ನುವುದು ದೊಡ್ಡ ತಪ್ಪೇನಲ್ಲ. ಲೆನ್ಸ್ ಮೇಲೆ ತೆಳುವಾಗಿ ಧೂಳು ಕೂತರೂ ಅಷ್ಟಾಗುತ್ತದೆ.

ಈಗ ಇದನ್ನು ಫರ್ನೆಸ್‌ಗೆ ಹೊಂದಿಸಿ ನೋಡಿ. 50 ಮಿಲಿಮೀಟರ್ ಬಾಯಿ, 300 ಮಿಲಿಮೀಟರ್ ಆಳ, ಗೋಡೆಯ ಎಮಿಸಿವಿಟಿ (ಆದರ್ಶ ಬ್ಲ್ಯಾಕ್‌ಬಾಡಿಯ ವಿಕಿರಣದಲ್ಲಿ ಎಷ್ಟು ಪಾಲು ಹೊರಬಿಡುತ್ತದೆ ಎಂಬ ಅಂಕಿ, ಆದರ್ಶಕ್ಕೆ 1) 0.85 ಇರುವ ಕೊಳವೆ ಎಂದುಕೊಳ್ಳಿ. ಗೋಡೆ ಪೂರ್ತಿ ಒಂದೇ ಬಿಸಿಯಲ್ಲಿದ್ದರೆ ಬಾಯಿಯ ಎಮಿಸಿವಿಟಿ ಸುಮಾರು 0.993 ಬರುತ್ತದೆ. ಅಂದರೆ ಆದರ್ಶಕ್ಕಿಂತ ಶೇಕಡಾ 0.7 ಕಡಿಮೆ. 1000 ಡಿಗ್ರಿಯಲ್ಲಿ 1 ಮೈಕ್ರಾನ್ ಪೈರೋಮೀಟರ್‌ಗೆ ಇದರಿಂದ ಆಗುವ ತಪ್ಪು ಒಂದು ಡಿಗ್ರಿಯೂ ಇಲ್ಲ. ಅದೇ ಕೊಳವೆಯನ್ನು 8–14ರ ಗನ್‌ನಿಂದ ನೋಡಿದರೆ 5 ಡಿಗ್ರಿ! ಆಳ 150 ಮಿಲಿಮೀಟರ್‌ಗೆ ಇಳಿದರೆ ಎಮಿಸಿವಿಟಿ 0.987ರ ಹತ್ತಿರ ಬರುತ್ತದೆ, ತಪ್ಪು ಸುಮಾರು ಎರಡು ಪಟ್ಟಾಗುತ್ತದೆ. ಫರ್ನೆಸ್ ಅದೇ, ಥರ್ಮೋಕಪಲ್ ಅದೇ. ಮೀಟರ್ ಬದಲಾದರೆ ಫಲಿತಾಂಶ ಬದಲು.

ಹಾಗಾಗಿ ಮಾರುವವರು ‘ಎಮಿಸಿವಿಟಿ 0.99’ ಎಂದು ಹೇಳಿದರೆ ಸುಮ್ನೆ ತಲೆಯಾಡಿಸಬೇಡಿ. 0.99 ಎಂದರೆ 0.985ರಿಂದ 0.995ರವರೆಗೂ ಇರಬಹುದು. ಪ್ಲಸ್ ಮೈನಸ್ ಎಷ್ಟು, ಯಾವ ತರಂಗಾಂತರಕ್ಕೆ, ಲೆಕ್ಕ ಹಾಕಿದ್ದೋ ಅಳೆದದ್ದೋ ಎಂದು ಕೇಳಿ.

ಎರಡನೆಯದು: ಸ್ಪಾಟ್

ಗನ್ ಮೇಲೆ 12:1, 50:1 ಎಂದೆಲ್ಲ ಬರೆದಿರುತ್ತದೆ. ದೂರಕ್ಕೂ ನೋಡುವ ಜಾಗಕ್ಕೂ ಇರುವ ಅನುಪಾತ ಅದು. 50:1ರ ಗನ್ ಒಂದು ಮೀಟರ್ ದೂರದಿಂದ 20 ಮಿಲಿಮೀಟರ್ ಜಾಗ ನೋಡುತ್ತದೆ. 50 ಮಿಲಿಮೀಟರ್ ಬಾಯಿಯ ಫರ್ನೆಸ್‌ಗೆ ತೊಂದರೆಯಿಲ್ಲ. 12:1ರ ಗನ್ ಅರ್ಧ ಮೀಟರ್ ದೂರದಿಂದಲೇ 42 ಮಿಲಿಮೀಟರ್ ನೋಡುತ್ತದೆ. ಅದೇ ಫರ್ನೆಸ್‌ನಲ್ಲಿ ಅಂಚಿಗೆ ತಾಗಿದಂತೆಯೇ.

ಅದಲ್ಲದೆ ಈ ಸ್ಪಾಟ್ ಅಳತೆಯಲ್ಲಿ ಒಂದು ಗುಟ್ಟಿದೆ. ಬಹಳಷ್ಟು ತಯಾರಕರು ಶೇಕಡಾ 90 ಅಥವಾ 95ರಷ್ಟು ವಿಕಿರಣ ಎಲ್ಲಿಂದ ಬರುತ್ತದೋ ಅಷ್ಟನ್ನು ಮಾತ್ರ ಸ್ಪಾಟ್ ಎಂದು ಕೊಡುತ್ತಾರೆ. ಉಳಿದದ್ದು ಅದರ ಸುತ್ತಲಿಂದ ಬರುತ್ತದೆ. ಅದಕ್ಕೇ ಬಾಯಿ ಸ್ಪಾಟ್‌ಗಿಂತ ಎರಡು, ಮೂರು ಪಟ್ಟು ಅಗಲ ಇದ್ದರೆ ಒಳ್ಳೆಯದು.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಫರ್ನೆಸ್ ಒಂದು ತಾಪಮಾನದಲ್ಲಿ ನಿಲ್ಲಲಿ. ಗನ್ನನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಬಾಯಿಯ ನಡುವಿಗೆ ಗುರಿಯಿಡಿ. ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ನಿಧಾನವಾಗಿ ಸರಿಸುತ್ತಾ ಅತಿ ಹೆಚ್ಚು ರೀಡಿಂಗ್ ಸಿಗುವ ಜಾಗ ಹುಡುಕಿ. ಆಮೇಲೆ ಸ್ಟ್ಯಾಂಡನ್ನು 10 ಸೆಂಟಿಮೀಟರ್ ಹಿಂದಕ್ಕೆ ಎಳೆಯಿರಿ, ಮತ್ತೆ 10. ರೀಡಿಂಗ್ ಅಲುಗಾಡದೆ ನಿಂತಿದ್ದರೆ ಗನ್ ಪೂರ್ತಿ ಬಾಯೊಳಗೇ ನೋಡುತ್ತಿದೆ. ಪ್ರತಿ ಹೆಜ್ಜೆಗೂ ಎರಡು ಮೂರು ಡಿಗ್ರಿ ಇಳಿಯುತ್ತಿದ್ದರೆ ಅದು ಅಂಚನ್ನೂ ನೋಡುತ್ತಿದೆ ಎಂದರ್ಥ. ಹಾಗಂತ ತೀರಾ ಹತ್ತಿರ ಹೋಗುವುದೂ ಸರಿಯಲ್ಲ. ಬಾಯಿಂದ ಬರುವ ಬಿಸಿಗಾಳಿಗೆ ಗನ್‌ನ ಮೂತಿ ಕಾದರೆ, ಅದರಲ್ಲೂ 8–14ರ ಗನ್‌ಗಳಲ್ಲಿ, ರೀಡಿಂಗ್ ತೇಲಾಡಲು ಶುರುವಾಗುತ್ತದೆ. ಎರಡು ರೀಡಿಂಗ್ ನಡುವೆ ಗನ್ನನ್ನು ಪಕ್ಕಕ್ಕೆ ಇಟ್ಟುಬಿಡಿ.

ಉಳಿದ ಪ್ರಶ್ನೆಗಳು

ಎಷ್ಟು ನಿಖರತೆ ಬೇಕು? ಗನ್ ಶೇಕಡಾ ±1ರದಾಗಿದ್ದರೆ 1200 ಡಿಗ್ರಿಯಲ್ಲಿ ಅದರ ಸಡಿಲವೇ 12 ಡಿಗ್ರಿ. ಅದನ್ನು ಪರೀಕ್ಷಿಸಲು 3 ಡಿಗ್ರಿ ಅನ್‌ಸರ್ಟನಿಟಿ (ಅಳತೆಯಲ್ಲಿ ಉಳಿಯುವ ಅನಿಶ್ಚಿತತೆ) ಇರುವ ವ್ಯವಸ್ಥೆ ಸಾಕು. ನಾಲ್ಕರಲ್ಲಿ ಒಂದು ಪಾಲು ಅನ್ನುವುದು ಹಳೆಯ ಲೆಕ್ಕ. ±4 ಡಿಗ್ರಿಯ ಒಳ್ಳೆಯ ಪೈರೋಮೀಟರ್ ಆದರೆ 1 ಡಿಗ್ರಿಯ ವ್ಯವಸ್ಥೆ ಹುಡುಕಬೇಕು. ಇವೆರಡರ ಖರ್ಚಿನ ನಡುವೆ ಅಜಗಜಾಂತರ.

ಮೀಟರ್ ಎಷ್ಟಿವೆ, ಕೇಳುವವರು ಯಾರು ಅನ್ನುವುದು ಕೊನೆಯದು. ಗ್ರಾಹಕರ ಆಡಿಟರ್ ಐಎಸ್‌ಒ 17025 (ಲ್ಯಾಬುಗಳ ಸಾಮರ್ಥ್ಯಕ್ಕೆ ಇರುವ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆಯ ಸರ್ಟಿಫಿಕೇಟೇ ಬೇಕು ಎಂದರೆ, ನೀವು ಎಷ್ಟೇ ಒಳ್ಳೆಯ ಫರ್ನೆಸ್ ಕೊಂಡರೂ ನಿಮ್ಮ ಕಾಗದಕ್ಕೆ ಆ ಬೆಲೆ ಬರುವುದಿಲ್ಲ. ಹಾಗಂತ ಆ ಫರ್ನೆಸ್ ವ್ಯರ್ಥ ಅಂತಲೂ ಅಲ್ಲ. ಅದು ಮುಂದೆ ಹೇಳುತ್ತೇನೆ.

ಲ್ಯಾಬಿಗೆ ಕಳಿಸುವುದು

ಮೀಟರ್ ಮೂರು ನಾಲ್ಕು ಇದ್ದರೆ ಇದೇ ದಾರಿ, ಬೇರೆ ಯೋಚನೆ ಬೇಡ. ಆದರೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ನಮ್ಮ ದೇಶದ ಮಂಡಳಿ) ಲೋಗೋ ನೋಡಿ ಕಳಿಸಿಬಿಡಬೇಡಿ. ಪ್ರತಿ ಲ್ಯಾಬಿಗೂ ಒಂದು ಸ್ಕೋಪ್ ಪಟ್ಟಿ ಇರುತ್ತದೆ, ಎನ್‌ಎಬಿಎಲ್ ಜಾಲತಾಣದಲ್ಲೇ ಸಿಗುತ್ತದೆ. ಅದರಲ್ಲಿ ಐಆರ್ ಥರ್ಮಾಮೀಟರ್ ಅಥವಾ ಪೈರೋಮೀಟರ್ ಎಂಬ ಸಾಲು ಹುಡುಕಿ. ಎಷ್ಟರಿಂದ ಎಷ್ಟು ಡಿಗ್ರಿ, ಪಕ್ಕದಲ್ಲಿ ಸಿಎಂಸಿ ಎಷ್ಟು ಎಂದು ನೋಡಿ. ಆ ಲ್ಯಾಬು ಅತಿ ಒಳ್ಳೆಯ ಸ್ಥಿತಿಯಲ್ಲಿ ಕೊಡಬಲ್ಲ ಅನ್‌ಸರ್ಟನಿಟಿ ಅದು. ಥರ್ಮೋಕಪಲ್‌ಗೆ 1600 ಡಿಗ್ರಿವರೆಗೆ ಮಾನ್ಯತೆ ಇದ್ದು ಐಆರ್‌ಗೆ 500ಕ್ಕೇ ನಿಂತಿರುವುದು ಅಪರೂಪವೇನಲ್ಲ.

ಕಳಿಸುವಾಗ ನಿಮ್ಮ ಕೆಲಸದ ತಾಪಮಾನಗಳನ್ನು ಬರೆದು ಕೊಡಿ. ನೀವು 850ರಿಂದ 950ರ ನಡುವೆ ಹಾರ್ಡನಿಂಗ್ ಮಾಡುವವರಾದರೆ 300, 600, 900ರಲ್ಲಿ ಪರೀಕ್ಷೆ ಮಾಡಿ ಕೊಟ್ಟ ಕಾಗದದಿಂದ ಒಂದೇ ಒಂದು ಸಾಲು ಉಪಯೋಗಕ್ಕೆ ಬರುತ್ತದೆ. ಹೇಳದೆ ಇದ್ದರೆ ಅವರು ತಮಗೆ ಅನುಕೂಲವಾದ ಬಿಂದುಗಳನ್ನೇ ಹಿಡಿಯುತ್ತಾರೆ. ತಪ್ಪು ಅವರದಲ್ಲ.

ಸರ್ಟಿಫಿಕೇಟ್ ಬಂದ ಮೇಲೆ ಓದುವುದೂ ಒಂದು ಕೆಲಸ. ಒಂದು ಸಾಲಿನಲ್ಲಿ ಸ್ಟ್ಯಾಂಡರ್ಡ್ 1000.8, ಯುಯುಸಿ (ಪರೀಕ್ಷೆಗೆ ಕೊಟ್ಟ ನಿಮ್ಮ ಮೀಟರ್) 993, ಅನ್‌ಸರ್ಟನಿಟಿ ±3.2 ಎಂದಿದೆ ಎಂದುಕೊಳ್ಳಿ. ಮೀಟರ್ ಸುಮಾರು 8 ಡಿಗ್ರಿ ಕಡಿಮೆ ತೋರಿಸುತ್ತಿದೆ. ಶೇಕಡಾ ±1ರ ಗನ್ ಆದರೆ ಇದು ಸ್ಪೆಸಿಫಿಕೇಶನ್ ಒಳಗೇ ಇದೆ, ಫೈಲ್‌ಗೆ ಹೋಗುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ನಿಮ್ಮ ಪ್ರೋಸೆಸ್‌ಗೆ ಇರುವ ಸಡಿಲವೇ ±10 ಆಗಿದ್ದರೆ ಅದರಲ್ಲಿ 8ನ್ನು ಮೀಟರ್ ಒಂದೇ ತಿಂದುಹಾಕಿದೆ! ಆ ತಾಪಮಾನದಲ್ಲಿ ರೀಡಿಂಗ್‌ಗೆ 8 ಸೇರಿಸಿ ಎಂಬ ಚೀಟಿ ಗನ್ ಮೇಲೆ ಅಂಟಬೇಕು. ಅಂಥ ಚೀಟಿ ಅಂಟಿಸಿರುವ ಶಾಪ್‌ಗಳು ಕಡಿಮೆ.

ಇನ್ನು ಕಾಗದದಲ್ಲಿ ಎಮಿಸಿವಿಟಿ ಎಷ್ಟಕ್ಕೆ ಇಟ್ಟಿದ್ದರು, ದೂರ ಎಷ್ಟು, ಬಾಯಿ ಎಷ್ಟು ಅಗಲ ಎಂಬ ಮೂರೂ ಇರಬೇಕು. ಇಲ್ಲದಿದ್ದರೆ ಆ ಅಂಕಿಗಳನ್ನು ಇನ್ನೊಬ್ಬರು ಮತ್ತೆ ತೆಗೆಯಲು ಆಗುವುದಿಲ್ಲ. 1000 ಡಿಗ್ರಿವರೆಗಿನ ಅಗಲ ಪಟ್ಟಿಯ (8–14 ಮೈಕ್ರಾನ್‌ನಂಥ) ಐಆರ್ ಥರ್ಮಾಮೀಟರ್‌ಗಳಿಗೆ ಮಾನದಂಡ ಸಂಸ್ಥೆ ಎಎಸ್‌ಟಿಎಂನ ಇ2847 ಎಂಬ ವಿಧಾನವಿದೆ. ಲ್ಯಾಬು ಅದನ್ನು ಅಥವಾ ಅದಕ್ಕೆ ಸಮನಾದ ವಿಧಾನವನ್ನು ಹೆಸರಿಸಿದೆಯೇ ನೋಡಿ.

ಲ್ಯಾಬಿನವರು ಫರ್ನೆಸ್ ಹೊತ್ತು ನಿಮ್ಮಲ್ಲಿಗೇ ಬರುವ ಆನ್‌ಸೈಟ್ ಸೇವೆಯೂ ಇದೆ. ಕನ್ವೇಯರ್ ಮೇಲೆ ಗಟ್ಟಿಯಾಗಿ ಕೂರಿಸಿದ, ಬಿಚ್ಚಲು ಆಗದ ಪೈರೋಮೀಟರ್‌ಗಳಿಗೆ ಅದೇ ಸರಿ. ಆದರೆ ಗಾಳಿ ಬೀಸುವ ಶೆಡ್‌ನಲ್ಲಿ ಮಾಡಿದ ಕ್ಯಾಲಿಬ್ರೇಶನ್ ಲ್ಯಾಬಿನಷ್ಟು ಸಣ್ಣ ಅನ್‌ಸರ್ಟನಿಟಿ ಕೊಡುವುದಿಲ್ಲ. ಸ್ಕೋಪ್‌ನಲ್ಲಿ ಸೈಟ್‌ಗೆ ಬೇರೆ ಸಾಲೇ ಇರುತ್ತದೆ.

ಸ್ವಂತ ಫರ್ನೆಸ್: ಯಾವುದು?

500 ಡಿಗ್ರಿವರೆಗೆ ಚಪ್ಪಟೆ ಪ್ಲೇಟ್ ಇದೆ. ಉದಾಹರಣೆಗೆ ಫ್ಲೂಕ್ 4181 ಮಾದರಿ 35ರಿಂದ 500 ಡಿಗ್ರಿವರೆಗೆ ಹೋಗುತ್ತದೆ, ಪ್ಲೇಟ್ ಆರು ಇಂಚು ಅಗಲ. 12:1ರಂಥ ಅಗಲ ನೋಟದ ಗನ್‌ಗಳಿಗೆ ಇದರಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ. ಆದರೆ ಇದು ಕೊಳವೆಯಂಥ ಗುಹೆಯಲ್ಲ, ಬಣ್ಣ ಬಳಿದ ಮೇಲ್ಮೈ. ಅದರ ಎಮಿಸಿವಿಟಿ 0.95ರ ಆಸುಪಾಸು, ಅದೂ 8–14 ಮೈಕ್ರಾನ್‌ಗೆ. 1 ಮೈಕ್ರಾನ್ ಪೈರೋಮೀಟರನ್ನು ಇದರ ಮುಂದೆ ಹಿಡಿದರೆ ಬರುವ ಅಂಕಿಗೆ ಅರ್ಥವಿಲ್ಲ. ಹೈ ಟೆಂಪರೇಚರ್ ಕೆಲಸದವರಿಗೆ ಇದು ಮೆಂಟೆನೆನ್ಸ್ ವಿಭಾಗದ ಗನ್‌ಗಳಿಗೆ ಮಾತ್ರ.

1200 ಡಿಗ್ರಿಯ ಗುಹೆ ಮಾದರಿ ಎಲ್ಲರ ಕಣ್ಣಿಗೆ ಬೀಳುವಂಥದ್ದು. ಮೇಜಿನ ಮೇಲೆ ಇಡಬಹುದು, ನಿರ್ವಹಣೆ ಕಡಿಮೆ. ಲೋಹದ ತಂತಿಯ ಹೀಟರ್, ಹಿಂದಿನಿಂದ ತೂರಿಸಿದ ಎಸ್ ಅಥವಾ ಆರ್ ಟೈಪ್ (ಪ್ಲಾಟಿನಮ್ ತಂತಿಯ) ಥರ್ಮೋಕಪಲ್. ನಮ್ಮ ದೇಶದಲ್ಲೇ ಉದಯಪುರದ ಟೆಂಪ್ಸೆನ್ಸ್‌ನಂಥ ಕಂಪನಿಗಳು ಬ್ಲ್ಯಾಕ್‌ಬಾಡಿ ತಯಾರಿಸುತ್ತವೆ. ಬಿಡಿಭಾಗ, ರಿಪೇರಿ ದೃಷ್ಟಿಯಿಂದ ಇದು ಸಣ್ಣ ವಿಷಯವಲ್ಲ. ಹೀಟ್ ಟ್ರೀಟ್‌ಮೆಂಟ್‌ಗೆ 1200ರ ಮಾದರಿ ಹೇಳಿ ಮಾಡಿಸಿದ ಹಾಗಿದೆ. ಫೋರ್ಜಿಂಗ್‌ಗೆ? ಇಲ್ಲಿ ಜಾಗ್ರತೆ. ಬಡಿದು ರೂಪ ಕೊಡಲು ಕಾಸಿದ ಲೋಹದ ತುಂಡು, ಅಂದರೆ ಬಿಲ್ಲೆಟ್, 1150ರಿಂದ 1250ರಲ್ಲಿ ಹೊರಬರುತ್ತದೆ. ಫರ್ನೆಸ್‌ನ ಗರಿಷ್ಠವೇ 1200. ದಿನಾ ಅಂಚಿನಲ್ಲೇ ಓಡಿಸಿದರೆ ಹೀಟರ್ ಬಾಳುವುದಿಲ್ಲ, ಕೊನೆಯ 50 ಡಿಗ್ರಿಯಂತೂ ನಿಮಗೆ ಸಿಗುವುದೇ ಇಲ್ಲ. ಫೋರ್ಜ್ ಶಾಪ್‌ನವರು 1200ರದನ್ನು ಕೊಂಡು ಆಮೇಲೆ ಕೈಕೈ ಹಿಸುಕಿಕೊಳ್ಳುವುದಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋಗುವುದು ಒಳ್ಳೆಯದು.

ಆ ಮೆಟ್ಟಿಲು 1500ರಿಂದ 1700ರದು. ಇಲ್ಲಿ ಹೀಟರ್ ಸಿಲಿಕಾನ್ ಕಾರ್ಬೈಡ್ ಅಥವಾ ಮಾಲಿಬ್ಡಿನಮ್ ಡೈಸಿಲಿಸೈಡ್ ಸಲಾಕೆ. ಎರಡನೆಯದು ಹೆಚ್ಚು ಬಿಸಿ ತಡೆಯುತ್ತದೆ, ಆದರೆ ತಣ್ಣಗಿದ್ದಾಗ ಗಾಜಿನ ಹಾಗೆ ಪಟ್ಟನೆ ಮುರಿಯುತ್ತದೆ. ಟೆಂಪೋದಲ್ಲಿ ಸಾಗಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಬಿಸಿಯಾಗಲು, ಆಮೇಲೆ ಒಂದೇ ಕಡೆ ನಿಲ್ಲಲು ಗಂಟೆಗಟ್ಟಲೆ ಬೇಕು. ಮೂರು ಬಿಂದುಗಳ ಕ್ಯಾಲಿಬ್ರೇಶನ್‌ಗೆ ಒಂದು ಇಡೀ ಶಿಫ್ಟ್ ಹೋಯಿತು ಎಂದೇ ಲೆಕ್ಕ.

ಇದರಲ್ಲಿ ಇನ್ನೊಂದು ಸಂಗತಿ ಥರ್ಮೋಕಪಲ್‌ನದು. ಎಸ್ ಟೈಪ್, ಕ್ಲಾಸ್ 1 ಆದರೂ 1500 ಡಿಗ್ರಿಯಲ್ಲಿ ಸ್ಟ್ಯಾಂಡರ್ಡ್ ಒಪ್ಪುವ ಸಡಿಲ ±2.2 ಡಿಗ್ರಿ. ಕ್ಯಾಲಿಬ್ರೇಟ್ ಮಾಡಿಸಿದರೆ ಅದು ಕಡಿಮೆಯಾಗುತ್ತದೆ, ಆದರೆ ಆ ಬಿಸಿಯಲ್ಲಿ ಪ್ಲಾಟಿನಮ್‌ಗೆ ಬೇರೆ ಲೋಹದ ಆವಿ ತಾಗುತ್ತಾ ಅದರ ರೀಡಿಂಗ್ ನಿಧಾನಕ್ಕೆ ಸರಿಯುತ್ತಾ ಹೋಗುತ್ತದೆ. ಅಲ್ಲದೆ ಥರ್ಮೋಕಪಲ್ ಕೂತಿರುವುದು ಕೊಳವೆಯ ಹಿಂಗೋಡೆಯ ಆಚೆ. ಪೈರೋಮೀಟರ್ ನೋಡುವುದು ಒಳಗೋಡೆಯನ್ನು. ಎರಡರ ನಡುವೆ ವ್ಯತ್ಯಾಸ ಇಲ್ಲ ಎಂದು ಯಾರಾದರೂ ತೋರಿಸಿಕೊಡಬೇಕು. ಇದಕ್ಕೆ ಒಂದು ಸುಲಭ ಪರಿಹಾರ ಇದೆ, ಈಗಲೇ ಬರುತ್ತೇನೆ.

3000 ಡಿಗ್ರಿವರೆಗೆ ಹೋಗುವ ಗ್ರಾಫೈಟ್ ಫರ್ನೆಸ್‌ಗಳೂ ಉಂಟು. ಗಾಳಿ ತಾಗಿದರೆ ಗ್ರಾಫೈಟ್ ಸುಟ್ಟುಹೋಗುವುದರಿಂದ ಆರ್ಗಾನ್ ಬಿಡುತ್ತಲೇ ಇರಬೇಕು, ನೀರಿನ ಕೂಲಿಂಗ್ ಬೇಕು, ಭಾರೀ ಕರೆಂಟ್ ಬೇಕು. ದೊಡ್ಡ ಲ್ಯಾಬು, ಸಂಶೋಧನಾ ಸಂಸ್ಥೆಗಳ ಬಾಬತ್ತು.

ಬೆಳ್ಳಿ, ಚಿನ್ನ (1064.18 ಡಿಗ್ರಿ), ತಾಮ್ರ (1084.62) ಹೆಪ್ಪುಗಟ್ಟುವ ಫಿಕ್ಸೆಡ್ ಪಾಯಿಂಟ್ ಸೆಲ್‌ಗಳು ನಿಖರತೆಯಲ್ಲಿ ಎಲ್ಲಕ್ಕಿಂತ ಮೇಲೆ. ಲೋಹ ಹೆಪ್ಪುಗಟ್ಟುತ್ತಿರುವಷ್ಟು ಹೊತ್ತು ತಾಪಮಾನ ಅಲುಗಾಡುವುದಿಲ್ಲ. ಇನ್ನೂ ಮೇಲೆ ಬೇಕೆಂದರೆ ಕೋಬಾಲ್ಟ್–ಕಾರ್ಬನ್ (ಸುಮಾರು 1324), ಪ್ಲಾಟಿನಮ್–ಕಾರ್ಬನ್ (ಸುಮಾರು 1738) ಮಿಶ್ರಣಗಳೂ ಬಂದಿವೆ. ಆದರೆ ಇವುಗಳ ಬಾಯಿ ಬಹಳ ಚಿಕ್ಕದು, ಕೈಗನ್ ಹಿಡಿದರೆ ಸ್ಪಾಟ್ ಹೊರಗೇ ಬೀಳುತ್ತದೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮಟ್ಟದ ಕೆಲಸ ಇದು, ಕಾರ್ಖಾನೆಯದ್ದಲ್ಲ. ಹಳೆಯ ಟಂಗ್‌ಸ್ಟನ್ ಪಟ್ಟಿ ದೀಪ ಯಾರಾದರೂ ಅಗ್ಗಕ್ಕೆ ಕೊಡುತ್ತೇವೆ ಎಂದರೆ ಬೇಡ ಎನ್ನಿ. ಅದು ಕೆಂಪು ಬೆಳಕಿನಲ್ಲಿ ಕಣ್ಣಿನಿಂದ ಹೋಲಿಸಿ ನೋಡುತ್ತಿದ್ದ ಕಾಲದ ಪೈರೋಮೀಟರ್‌ಗಳಿಗೆ ಸರಿ. ಇನ್ಫ್ರಾರೆಡ್‌ನಲ್ಲಿ ಟಂಗ್‌ಸ್ಟನ್‌ನ ಎಮಿಸಿವಿಟಿ ಬೇರೆಯೇ.

ನಡುವಿನ ದಾರಿ: ಒಂದು ರೆಫರೆನ್ಸ್ ಪೈರೋಮೀಟರ್

ಬಹಳ ಜನ ನೋಡದೆ ಬಿಟ್ಟುಬಿಡುವ ಆಯ್ಕೆ ಇದು, ನನಗೆ ಜಾಸ್ತಿ ಇಷ್ಟವಾದದ್ದೂ ಇದೇ. 1 ಮೈಕ್ರಾನ್‌ನ, ಚಿಕ್ಕ ಸ್ಪಾಟ್‌ನ ಒಂದೇ ಒಂದು ಒಳ್ಳೆಯ ಪೈರೋಮೀಟರ್ ಕೊಳ್ಳಿ. ಅದನ್ನು ಶಾಪ್‌ನಲ್ಲಿ ಬಳಸಬೇಡಿ, ಬೀರುವಿನಲ್ಲಿಡಿ. ವರ್ಷಕ್ಕೊಮ್ಮೆ ಅದೊಂದನ್ನೇ, ನಿಮ್ಮ ವ್ಯಾಪ್ತಿಯಲ್ಲಿ ಅತಿ ಕಡಿಮೆ ಅನ್‌ಸರ್ಟನಿಟಿ ಕೊಡುವ ಲ್ಯಾಬಿಗೆ ಕಳಿಸಿ. ಜೊತೆಗೆ ಒಂದು ಸಾಧಾರಣ ಗುಹೆ ಫರ್ನೆಸ್ ಇಟ್ಟುಕೊಳ್ಳಿ. ಉಳಿದ ಎಲ್ಲ ಮೀಟರ್‌ಗಳನ್ನು ಆ ಫರ್ನೆಸ್ ಮುಂದೆ ರೆಫರೆನ್ಸ್ ಜೊತೆ ಹೋಲಿಸಿ.

ಲಾಭ ಏನು ಗೊತ್ತಾ? ಫರ್ನೆಸ್‌ನ ಥರ್ಮೋಕಪಲ್ ಎಷ್ಟು ಸರಿದಿದೆ ಅನ್ನುವ ಚಿಂತೆಯೇ ಹೋಗುತ್ತದೆ. ಫರ್ನೆಸ್ ಒಂದೇ ಕಡೆ ನಿಂತಿದ್ದರೆ ಸಾಕು. ಅದರ ಡಿಸ್‌ಪ್ಲೇ ಏನು ತೋರಿಸುತ್ತದೆ ಎಂದು ನೋಡುವ ಅಗತ್ಯವೂ ಇಲ್ಲ, ನಿಜವಾದ ತಾಪಮಾನವನ್ನು ರೆಫರೆನ್ಸ್ ಹೇಳುತ್ತದೆ. ಕೊಳವೆಯ ಎಮಿಸಿವಿಟಿ ಸ್ವಲ್ಪ ಕಡಿಮೆ ಇದ್ದರೂ, ಒಂದೇ ತರಂಗಾಂತರದ ಎರಡು ಮೀಟರ್‌ಗಳು ಅದನ್ನು ಒಂದೇ ರೀತಿ ನೋಡುತ್ತವೆ, ತಪ್ಪು ಪರಸ್ಪರ ಕಳೆದುಹೋಗುತ್ತದೆ.

ಮಾಡುವ ಕ್ರಮ ಹೀಗೆ. ಎರಡರಲ್ಲೂ ಎಮಿಸಿವಿಟಿ 1.00 ಇಡಿ. ರೆಫರೆನ್ಸ್‌ನಿಂದ ಒಂದು ರೀಡಿಂಗ್, ಪರೀಕ್ಷೆಯ ಮೀಟರ್‌ನಿಂದ ಎರಡು, ಮತ್ತೆ ರೆಫರೆನ್ಸ್‌ನಿಂದ ಒಂದು. ಮೊದಲ ಮತ್ತು ಕೊನೆಯ ರೆಫರೆನ್ಸ್ ರೀಡಿಂಗ್‌ಗಳ ಸರಾಸರಿ ತೆಗೆದರೆ ನಡುವೆ ಫರ್ನೆಸ್ ನಿಧಾನವಾಗಿ ಸರಿದಿದ್ದರೂ ಲೆಕ್ಕ ಸರಿಹೋಗುತ್ತದೆ. ಆ ಎರಡರ ನಡುವೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಫರ್ನೆಸ್ ಇನ್ನೂ ನಿಂತಿಲ್ಲ ಎಂದು ತಿಳಿದು ಕಾಯಿರಿ. ಎರಡು ಬಣ್ಣದ ರೇಶಿಯೋ ಪೈರೋಮೀಟರ್ ಆದರೆ ಎಮಿಸಿವಿಟಿ ಬದಲು ಇ-ಸ್ಲೋಪ್ (ಎರಡು ತರಂಗಾಂತರಗಳ ಎಮಿಸಿವಿಟಿಗಳ ಅನುಪಾತ) 1.000 ಇಡಬೇಕು. ಮುಗಿದ ಮೇಲೆ ಎರಡೂ ಮೀಟರ್‌ಗಳ ಸೆಟ್ಟಿಂಗನ್ನು ಹಳೆಯ ಅಂಕಿಗೆ ತಿರುಗಿಸಿಡಲು ಮರೆಯಬೇಡಿ!

ಮಿತಿಯೂ ಇದೆ. 1 ಮೈಕ್ರಾನ್ ರೆಫರೆನ್ಸ್ ಹಿಡಿದು 8–14ರ ಗನ್ ಹೋಲಿಸಿದರೆ, ಮೇಲೆ ಹೇಳಿದ 5 ಡಿಗ್ರಿ ಕಥೆ ಮತ್ತೆ ಎದುರಾಗುತ್ತದೆ. ಆ ಗನ್‌ಗಳಿಗೆ ಆಳವಾದ ಕೊಳವೆಯೇ ಬೇಕು, ಇಲ್ಲ ಅವುಗಳ ಕಾಗದದಲ್ಲಿ ಅಷ್ಟು ಅನ್‌ಸರ್ಟನಿಟಿ ಸೇರಿಸಬೇಕು. ನಿಜ ಹೇಳಬೇಕೆಂದರೆ 800 ಡಿಗ್ರಿ ಮೇಲಿನ ಲೋಹದ ಕೆಲಸಕ್ಕೆ 8–14ರ ಗನ್ ಬಳಸುವುದನ್ನೇ ನಿಲ್ಲಿಸಿದರೆ ಕ್ಯಾಲಿಬ್ರೇಶನ್ ಖರ್ಚೂ ಉಳಿಯುತ್ತದೆ, ತಲೆನೋವೂ.

ಆಡಿಟರ್ ಮಾನ್ಯತೆಯ ಸರ್ಟಿಫಿಕೇಟ್ ಕೇಳುವ ಮೀಟರ್‌ಗಳು ಲ್ಯಾಬಿಗೇ ಹೋಗಲಿ. ಆದರೆ ಈ ವ್ಯವಸ್ಥೆ ಇದ್ದರೆ ತಿಂಗಳಿಗೊಮ್ಮೆ ಒಂದೇ ಒಂದು ತಾಪಮಾನದಲ್ಲಿ ಅವನ್ನೂ ನೋಡಿ ಬರೆದಿಡಬಹುದು. ವರ್ಷದ ಕೊನೆಗೆ 15 ಡಿಗ್ರಿ ತಪ್ಪಿದೆ ಎಂದು ಲ್ಯಾಬು ಹೇಳಿದರೆ ಹಿಂದಿನ ಹನ್ನೆರಡು ತಿಂಗಳ ಮಾಲಿನ ಗತಿ ಏನು? ಆ ಪ್ರಶ್ನೆಗೆ ಉತ್ತರ ಇಂಥ ಪುಸ್ತಕದಲ್ಲೇ ಇರುತ್ತದೆ. ಎಷ್ಟೋ ಸಲ ಮೀಟರ್ ಕೆಟ್ಟಿರುವುದೇ ಇಲ್ಲ, ಲೆನ್ಸ್ ಕೊಳೆಯಾಗಿರುತ್ತದೆ. ಕೊಳೆ ಶೇಕಡಾ 5 ವಿಕಿರಣ ತಡೆದರೆ 1 ಮೈಕ್ರಾನ್ ಮೀಟರ್ 1000 ಡಿಗ್ರಿಯಲ್ಲಿ ಐದಾರು ಡಿಗ್ರಿ ಕಡಿಮೆ ತೋರಿಸುತ್ತದೆ. ಒರೆಸುವ ಮುಂಚೆ ಒಂದು ರೀಡಿಂಗ್, ಒರೆಸಿದ ಮೇಲೆ ಇನ್ನೊಂದು ತೆಗೆದುಕೊಳ್ಳಿ.

ಫೌಂಡ್ರಿಯವರಿಗೆ ಒಂದು ಮಾತು

ಬ್ಲ್ಯಾಕ್‌ಬಾಡಿ ಮುಂದೆ ಪಾಸಾದ ಪೈರೋಮೀಟರ್ ಲ್ಯಾಡಲ್ (ಕರಗಿದ ಲೋಹ ಹೊರುವ ಪಾತ್ರೆ) ಮುಂದೆ ತಪ್ಪು ತೋರಿಸಬಹುದು. ಕ್ಯಾಲಿಬ್ರೇಶನ್ ಮೀಟರ್‌ಗೆ ಮಾತ್ರ, ಕರಗಿದ ಕಬ್ಬಿಣದ ಎಮಿಸಿವಿಟಿಗಲ್ಲ. ಶುದ್ಧ ಕರಗಿದ ಲೋಹದ ಎಮಿಸಿವಿಟಿ ಕಡಿಮೆ, ಅದರ ಮೇಲೆ ತೇಲುವ ಕಿಟ್ಟದ್ದು ಜಾಸ್ತಿ. ಎರಡರ ನಡುವೆ ಎಮಿಸಿವಿಟಿ ಎರಡು ಪಟ್ಟು ಬೇರೆ ಇದ್ದರೆ, 1400 ಡಿಗ್ರಿಯಲ್ಲಿ 1 ಮೈಕ್ರಾನ್ ಮೀಟರ್ ತೋರಿಸುವ ವ್ಯತ್ಯಾಸ ನೂರು ಡಿಗ್ರಿಗೂ ಜಾಸ್ತಿ. ಇದರ ಮುಂದೆ ಲ್ಯಾಬಿನ 3 ಡಿಗ್ರಿ ಯಾವ ಲೆಕ್ಕ?

ಹಾಗಾಗಿ ಫೌಂಡ್ರಿಯಲ್ಲಿ ಹಣ ಸುರಿಯಬೇಕಾದ ಕಡೆ 1700ರ ಫರ್ನೆಸ್ ಅಲ್ಲ. ಪೈರೋಮೀಟರನ್ನು ವರ್ಷಕ್ಕೊಮ್ಮೆ ಲ್ಯಾಬಿಗೆ ಕಳಿಸಿ. ಪ್ರತಿ ಶಿಫ್ಟ್‌ನಲ್ಲೂ ಡಿಪ್ ಥರ್ಮೋಕಪಲ್ ಮುಳುಗಿಸಿ ನೋಡಿ. ಕಿಟ್ಟ ಸರಿಸಿ, ಅದೇ ಕ್ಷಣಕ್ಕೆ ಪೈರೋಮೀಟರ್ ಎಷ್ಟು ತೋರಿಸುತ್ತದೆ ಎಂದು ಬರೆದುಕೊಂಡು ಎಮಿಸಿವಿಟಿ ಸೆಟ್ಟಿಂಗನ್ನು ಹೊಂದಿಸಿ. ಕಾಗದದ ಭಾಷೆಯಲ್ಲಿ ಇದು ಕ್ಯಾಲಿಬ್ರೇಶನ್ ಅಲ್ಲ. ಆದರೆ ಎರಕ ಸರಿಯಾಗಿ ಬರುವುದು ಇದರಿಂದ.

ಹಾಗಾದರೆ ಯಾರಿಗೆ ಯಾವುದು?

ಹೀಟ್ ಟ್ರೀಟ್‌ಮೆಂಟ್ ಶಾಪ್, ಎರಡು ಮೂರು ಪೈರೋಮೀಟರ್: ಲ್ಯಾಬು ಸಾಕು, ಬಿಂದುಗಳನ್ನು ನೀವೇ ಹೇಳಿ. ಮೀಟರ್ ಹತ್ತು ದಾಟಿದರೆ ರೆಫರೆನ್ಸ್ ಪೈರೋಮೀಟರ್ ಮತ್ತು 1200ರ ಫರ್ನೆಸ್. ಫೋರ್ಜ್ ಶಾಪ್ ಆದರೆ ಅದೇ ಜೋಡಿ, ಫರ್ನೆಸ್ ಮಾತ್ರ 1500ರದು. ಸಿಮೆಂಟ್ ಕಿಲ್ನ್‌ನ ಬರ್ನಿಂಗ್ ಝೋನ್ 1450 ಡಿಗ್ರಿ ಆಸುಪಾಸಿನದು. ಅಲ್ಲಿ ಮೀಟರ್ ಒಂದೆರಡೇ ಇರುತ್ತವೆ, ಬಿಚ್ಚಿದರೆ ಕಿಲ್ನ್ ಕುರುಡಾಗುತ್ತದೆ. ಹಾಗಾಗಿ ಒಂದು ಬದಲಿ ಪೈರೋಮೀಟರ್ ಇಟ್ಟುಕೊಂಡು ಸರದಿಯಂತೆ ಲ್ಯಾಬಿಗೆ ಕಳಿಸುವುದು ಫರ್ನೆಸ್‌ಗಿಂತ ಜಾಣತನ. ದೊಡ್ಡ ಉಕ್ಕಿನ ಕಾರ್ಖಾನೆ, ಅಥವಾ ನೀವೇ ಬೇರೆಯವರಿಗೆ ಕ್ಯಾಲಿಬ್ರೇಶನ್ ಮಾಡಿಕೊಡುವ ಯೋಚನೆ ಇರುವವರು, 1700ರ ಫರ್ನೆಸ್‌ನ ಲೆಕ್ಕ ಹಾಕಬಹುದು. ಆಗಲೂ ರೆಫರೆನ್ಸ್ ಪೈರೋಮೀಟರನ್ನು ಬಿಡಬೇಡಿ.

ಫರ್ನೆಸ್‌ಗೆ ಆರ್ಡರ್ ಕೊಡುವ ಮುಂಚೆ ಮಾರುವವರಿಂದ ಇಷ್ಟನ್ನು ಬರೆಸಿಕೊಳ್ಳಿ: ಬಾಯಿ ಎಷ್ಟು, ಆಳ ಎಷ್ಟು, ಯಾವ ತರಂಗಾಂತರಕ್ಕೆ ಎಮಿಸಿವಿಟಿ ಎಷ್ಟು, ಹಿಂಗೋಡೆಯಿಂದ ಮುಂದಕ್ಕೆ ಬಿಸಿ ಎಷ್ಟು ಇಳಿಯುತ್ತದೆ, ನಿಮ್ಮ ಕೆಲಸದ ತಾಪಮಾನದಲ್ಲಿ ನಿಲ್ಲಲು ಎಷ್ಟು ಹೊತ್ತು ಬೇಕು, ನಿಂತ ಮೇಲೆ ಅರ್ಧ ಗಂಟೆಯಲ್ಲಿ ಎಷ್ಟು ಸರಿಯುತ್ತದೆ, ಹೀಟರ್ ಹೋದರೆ ಹೊಸದು ಎಷ್ಟು ದಿನಕ್ಕೆ ಬರುತ್ತದೆ. ಸಾಧ್ಯವಾದರೆ ನಿಮ್ಮದೇ ಮೀಟರ್ ತೆಗೆದುಕೊಂಡು ಹೋಗಿ, ಅವರ ಫರ್ನೆಸ್ ಮುಂದೆ ಹಿಂದಕ್ಕೆ ಎಳೆಯುವ ಪರೀಕ್ಷೆ ಮಾಡಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.